ನಡುನೀರಿನಲ್ಲಿ ನಿಲ್ಲುವ ಎಂಜಿನ್ ಮಹಾಶಯರಿಗೆ

ಮಾನ್ಯರೇ,

ಹೊಳೆಯ ಎರಡೂ ದಡಗಳ ಸಮಸ್ತ ಪ್ರಯಾಣಿಕರ ಪರವಾಗಿ, ದೋಣಿಯ ಮೂವತ್ತೆರಡು ಆಸನಗಳ ಪರವಾಗಿ, ಹಗ್ಗ, ಲಂಗರು ಮತ್ತು ನೀರು ಎತ್ತಿ ಚೆಲ್ಲುವ ಬಕೆಟ್ಟಿನ ಪರವಾಗಿ, ಇವರೆಲ್ಲರ ಕೆಳಗಿರುವ ದೋಣಿಯ ಯಜಮಾನನಾದ ನನ್ನ ಪರವಾಗಿಯೂ ತಮಗೆ ಅನಂತ ನಮಸ್ಕಾರಗಳು. ದೋಣಿಯ ಹಿಂಬದಿಯ ಮರದ ಪೆಟ್ಟಿಗೆಯೊಳಗೆ ತಾವು ಕ್ಷೇಮವಾಗಿದ್ದೀರೆಂದು ಭಾವಿಸಿದ್ದೇನೆ. ಈ ಮಾತುಗಳನ್ನು ಪೆಟ್ಟಿಗೆಯ ಮುಚ್ಚಳ ತೆಗೆದು ತಮ್ಮ ಮುಖಕ್ಕೇ ಹೇಳಬಹುದಿತ್ತು. ಆದರೆ ಕಳೆದ ಐದು ವಾರಗಳಿಂದ ಹಾಗೆ ಹೇಳಿದ್ದೆಲ್ಲ ಗೋರ್ಕಲ್ಲ ಮೇಲೆ ಮಳೆ ಸುರಿದಂತಾಗಿರುವ ಕಾರಣ, ಈ ಪತ್ರವನ್ನು ದೋಣಿಕಟ್ಟೆಯ ಸೂಚನಾ ಫಲಕಕ್ಕೆ ಅಂಟಿಸುತ್ತಿದ್ದೇನೆ. ದೋಣಿಯ ಬಿರುಕು ಮುಚ್ಚುವ ಅಂಟನ್ನೇ ಬಳಸಿದ್ದೇನಾದ್ದರಿಂದ ಇದು ಮಳೆಗೂ ಬಿಡದು, ಇನ್ನು ನಾನೇ ಬಂದು ಕಿತ್ತರೂ ಬಾರದು. ತಪ್ಪು ಯಾರದು ಎಂಬುದು ನಾಲ್ಕು ಜನಕ್ಕೆ ತಿಳಿಯಲಿ ಎಂಬುದಷ್ಟೇ ನನ್ನ ಆಸೆ.

ಮೊದಲಿಗೆ ತಮ್ಮ ಸಮಯಪಾಲನೆಯನ್ನು ಕೊಂಡಾಡದೆ ಮುಂದುವರಿದರೆ ನಾಲಗೆ ಬಿದ್ದುಹೋದೀತು. ಬೆಳಿಗ್ಗೆ ಏಳೂವರೆಗೆ ಕಟ್ಟೆ ಬಿಡುವ ದೋಣಿ ಆಚೆ ದಡ ಸೇರಲು ನಲವತ್ತು ನಿಮಿಷ ಬೇಕು. ತಾವು ಇಪ್ಪತ್ತನೆಯ ನಿಮಿಷಕ್ಕೆ, ಹೊಳೆಯ ನಟ್ಟನಡುವೆ, ಗುರುತಿಗೆಂದು ಕಟ್ಟಿರುವ ಆ ಕೆಂಪು ಪೀಪಾಯಿ ತೇಲುವ ಜಾಗಕ್ಕೆ ಬರುತ್ತಿದ್ದಂತೆ ಮೊದಲು ದನಿ ಸಣ್ಣ ಮಾಡಿ, ಆಮೇಲೆ ಎರಡು ಸಲ ಕೆಮ್ಮಿ, ಮೂರನೆಯದನ್ನು ನಮ್ಮ ಊಹೆಗೆ ಬಿಟ್ಟು ಸುಮ್ಮನಾಗುತ್ತೀರಿ. ಒಂದು ದಿನ ಹತ್ತೊಂಬತ್ತಕ್ಕೆ, ಒಂದು ದಿನ ಇಪ್ಪತ್ತೊಂದಕ್ಕೆ ಎಂಬ ಚಂಚಲತೆ ತಮ್ಮಲ್ಲಿಲ್ಲ. ಗಣಿತದ ಮೇಷ್ಟ್ರು ತಮ್ಮ ಕೆಮ್ಮಿಗೆ ಕೈಗಡಿಯಾರ ಸರಿಮಾಡಿಕೊಳ್ಳುತ್ತಾರೆ ಎಂಬುದನ್ನು ಅಭಿಮಾನದಿಂದ ತಿಳಿಸುತ್ತೇನೆ.

ತಾವು ನಿಂತೊಡನೆ ನಾನು ಮಾಡುವುದು ನಮ್ಮಪ್ಪ ಕಲಿಸಿದ ಕೆಲಸ. "ಎಂಜಿನ್ ನಿಂತ್ರೆ ಮೊದ್ಲು ಅದರ ಹೊಟ್ಟೆ ನೋಡು, ಆಮೇಲೆ ಬೈಯಿ" ಎನ್ನುತ್ತಿದ್ದರು ಅವರು. ಅದರಂತೆ ಡೀಸೆಲ್ ಟ್ಯಾಂಕಿನ ಮುಚ್ಚಳ ತಿರುಗಿಸಿ, ಒಳಗೆ ಕೋಲು ಇಳಿಸಿ ನೋಡುತ್ತೇನೆ. ಅರ್ಧಕ್ಕಿಂತ ಮೇಲೆಯೇ ಡೀಸೆಲ್ ಇರುತ್ತದೆ. ಮುಚ್ಚಳ ಸಡಿಲಿಸುವಾಗ ಮಾತ್ರ ಒಳಗಿನಿಂದ "ಬುಸ್" ಎಂದು ಒಂದು ನಿಟ್ಟುಸಿರು ಕೇಳುತ್ತದಲ್ಲ, ಅದು ನನ್ನ ಮೇಲಿನ ತಾತ್ಸಾರವೆಂದು ಅರ್ಥ ಮಾಡಿಕೊಂಡು ಕೂಡಲೇ ತಲೆ ತಗ್ಗಿಸುತ್ತೇನೆ. ನಂತರ ಪೈಪಿನೊಳಗೆ ಗಾಳಿ ಸೇರಿರಬಹುದೆಂದು ತಿರುಪು ಸಡಿಲಿಸಿ, ಹೆಬ್ಬೆರಳಿನಿಂದ ಕೈಪಂಪು ಒತ್ತಿ ಒತ್ತಿ, ಗುಳ್ಳೆ ಹೋಗಿ ಶುದ್ಧ ಡೀಸೆಲ್ ಬರುವತನಕ ಕಾದು, ತಿರುಪು ಬಿಗಿದು ಕೀಲಿ ತಿರುಗಿಸಿದರೆ, ಏನೂ ಆಗಿಲ್ಲವೆಂಬಂತೆ ತಾವು ಮತ್ತೆ ಹೊರಡುತ್ತೀರಿ.

ಮತ್ತೆ ಹೊರಡುವುದರ ನಿಜವಾದ ಕಾರಣ ಬೇರೆಯೇ ಎಂದು ಕಂಡುಹಿಡಿದವರು ಮುಂದಿನ ಬೆಂಚಿನಲ್ಲಿ ಕೂರುವ ನಿವೃತ್ತ ಗುಮಾಸ್ತರು. ಎರಡನೆಯ ದಿನ ನಾನು ತಮ್ಮನ್ನು "ಏ ಮೂದೇವಿ" ಎಂದು ಕರೆದದ್ದು ತಮಗೆ ನೆನಪಿರಬಹುದು. ಆಗ ಅವರು ಕನ್ನಡಕ ಮೇಲೆ ಸರಿಸಿ, "ಅಲ್ರೀ, ಏಕವಚನದಲ್ಲಿ ಕರೆದ್ರೆ ಯಾರು ಕೆಲಸ ಮಾಡ್ತಾರೆ? ನಮ್ಮ ಆಫೀಸಿನಲ್ಲಿ ಫ್ಯಾನ್ ಹಾಕೋರನ್ನೂ ಬನ್ನಿ ಹೋಗಿ ಅಂತಿದ್ವಿ" ಎಂದರು. ನಾನು ಮುಚ್ಚಳ ತೆಗೆದು, ಕೋಲು ಇಳಿಸಿ, ಬುಸ್ ಎನ್ನಿಸಿಕೊಂಡು, "ದಯವಿಟ್ಟು ತಾವು ಹೊರಡಬೇಕು" ಎಂದೆ. ತಾವು ಹೊರಟೇ ಬಿಟ್ಟಿರಿ! ಅಂದಿನಿಂದ ನಮ್ಮ ದೋಣಿಯಲ್ಲಿ ತಮಗೆ ಬಹುವಚನ. ಮೂರನೆಯ ದಿನ ಗುಮಾಸ್ತರು ಬಿಳಿ ಹಾಳೆಯಲ್ಲಿ ಮನವಿ ಬರೆದು ತಂದು ಓದಿದರು. ಎರಡನೆಯ ವಾರಕ್ಕೆ ಎಲ್ಲ ಪ್ರಯಾಣಿಕರೂ ಎದ್ದು ನಿಲ್ಲುವುದು ರೂಢಿಯಾಯಿತು. ಹೊಲಿಗೆಯಂಗಡಿಯ ಅಕ್ಕ ಮೊದಲು "ದಯವಿಟ್ಟು" ಎಂದರೆ ಉಳಿದವರು ಒಕ್ಕೊರಲಿನಲ್ಲಿ "ಹೊರಡಬೇಕು" ಎನ್ನುತ್ತಾರೆ. ಒಮ್ಮೆ ಒಬ್ಬ ಹೊಸ ಪ್ರಯಾಣಿಕ ಕೂತಲ್ಲಿಂದ ಏಳದೆ ನಕ್ಕನೆಂದು ಎಲ್ಲರೂ ಅವನನ್ನು ದುರುಗುಟ್ಟಿಕೊಂಡು ನೋಡಿ, ಅವನ ಕೈಯಲ್ಲಿ ತಮಗೆ ಕ್ಷಮೆ ಕೇಳಿಸಿದ್ದೂ ಉಂಟು.

ಇಷ್ಟು ಮರ್ಯಾದೆಗೂ ಜಗ್ಗದೆ ಮರುದಿನ ತಾವು ಅದೇ ಪೀಪಾಯಿಯ ಬಳಿ ನಿಲ್ಲುತ್ತಿದ್ದುದರಿಂದ ಮೇಸ್ತ್ರಿಯನ್ನು ಕರೆಸಬೇಕಾಯಿತು. ಎಂಜಿನ್ನಿಗೆ ಕಿವಿಯಿಟ್ಟು ರೋಗ ಹೇಳುವುದರಿಂದ ಅವರಿಗೆ ಕಿವಿಮೇಸ್ತ್ರಿ ಎಂದೇ ಹೆಸರು. ಅವರು ಡೀಸೆಲ್ ಫಿಲ್ಟರನ್ನು ಬದಲಿಸಿದರು, ಮತ್ತೊಮ್ಮೆ ಬದಲಿಸಿದರು, ಹಳೆಯದೇ ಚೆನ್ನಾಗಿತ್ತೆಂದು ಅದನ್ನೇ ತೊಳೆದು ಹಾಕಿದರು. ಫಿಲ್ಟರಿನ ತಳದಲ್ಲಿ ನೀರು ಸೇರಿದೆಯೇ ಎಂದು ಗಾಜಿನ ಲೋಟಕ್ಕೆ ಇಳಿಸಿ ಬಿಸಿಲಿಗೆ ಹಿಡಿದರು, ನೀರಿಲ್ಲ. ಪೈಪಿನ ಪ್ರತಿಯೊಂದು ಜೋಡಣೆಗೂ ಸೋಪಿನ ನೊರೆ ಹಚ್ಚಿ ನೋಡಿದರು. ಅದರಿಂದಲೂ ಏನೂ ತಿಳಿಯಲಿಲ್ಲ. ಕೊನೆಗೆ ಟ್ಯಾಂಕಿನ ಪೈಪು ಕಳಚಿ, ಒಂದು ಕ್ಯಾನಿನಲ್ಲಿ ಡೀಸೆಲ್ ತುಂಬಿ, ಅದನ್ನು ಮೇಲಿನ ಕೊಕ್ಕೆಗೆ ತೂಗುಹಾಕಿ ತಮಗೆ ಉಣಿಸಿದರು. ತಾವು ಎರಡು ಗಂಟೆ ಒಂದು ಕೆಮ್ಮೂ ಇಲ್ಲದೆ ಓಡಿದಿರಿ. ಹಾಗಾದರೆ ಟ್ಯಾಂಕಿನಲ್ಲೇ ಕೊಳೆಯಿದೆ ಎಂದು ಟ್ಯಾಂಕನ್ನು ಬಗ್ಗಡವಿಲ್ಲದಂತೆ ತೊಳೆದು, ಮುಚ್ಚಳ ತೆಗೆದಿಟ್ಟು, ಮತ್ತೆ ಅದರಿಂದಲೇ ಉಣಿಸಿದರೆ ನಾಲ್ಕು ಗಂಟೆ ಓಡಿದಿರಿ. ಮುಚ್ಚಳ ಬಿಗಿದು ಪ್ರಯಾಣಿಕರನ್ನು ಹತ್ತಿಸಿಕೊಂಡು ಹೊರಟೆ. ಇಪ್ಪತ್ತನೆಯ ನಿಮಿಷಕ್ಕೆ ಕೆಮ್ಮಿದಿರಿ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಹಿರಿಯರು ಹೇಳಿದ್ದು ತಮ್ಮನ್ನು ನೋಡಿಯೇ ಇರಬೇಕು. "ಎಂಜಿನ್ನಲ್ಲಿ ದೋಷ ಇಲ್ಲ ಕಣ್ರೀ, ಅದಕ್ಕೆ ನಡುನೀರಂದ್ರೆ ಭಯ" ಎಂದು ಹೇಳಿ ಕಿವಿಮೇಸ್ತ್ರಿ ಚೀಲ ಹೆಗಲಿಗೇರಿಸಿದರು.

ನಾನು ತಮಗೇನು ಕಡಿಮೆ ಮಾಡಿದ್ದೇನೆ, ಸ್ವಾಮಿ? ಐದು ವಾರಗಳ ಹಿಂದೆಯಷ್ಟೇ ಒಂದಿಡೀ ಭಾನುವಾರ ತಮ್ಮ ಸೇವೆಯಲ್ಲೇ ಕಳೆದೆ. ಪೆಟ್ಟಿಗೆಗೆ ಹಸಿರು ಬಣ್ಣ ಬಳಿದೆ. ಟ್ಯಾಂಕಿನ ಮುಚ್ಚಳ ಅಲುಗಾಡುತ್ತಿತ್ತೆಂದು ಹೊಸ ರಬ್ಬರ್ ವಾಷರ್ ಹಾಕಿ ಬಿಗಿದೆ. ನನ್ನ ಹೆಂಡತಿ ಕೂರುವ ಬೆಂಚಿನ ಪಕ್ಕದಲ್ಲಿ, ಅಪ್ಪನ ಕಾಲದಿಂದಲೂ ಸುಮ್ಮನೆ ಬಾಯಿ ತೆರೆದುಕೊಂಡಿದ್ದ ಬೆರಳುಗಾತ್ರದ ಒಂದು ಪೈಪಿತ್ತು. ಎಲ್ಲಿಂದ ಬಂದಿದೆಯೋ, ಏಕೆ ಇದೆಯೋ, ಅದರಿಂದ ಸದಾ ಡೀಸೆಲ್ ವಾಸನೆ. ಹದಿನಾರು ವರ್ಷದಿಂದ ಅವಳ ಬಿಳಿ ಸಮವಸ್ತ್ರಕ್ಕೆ ಆ ವಾಸನೆ ಅಂಟುತ್ತಿತ್ತೆಂದು, ಹಲಸಿನ ಮರದಲ್ಲಿ ಬಿರಡೆ ಕೆತ್ತಿ, ಬಟ್ಟೆ ಸುತ್ತಿ, ಜಡಿದು, ಗುರುತೇ ಸಿಗದಂತೆ ಮೇಲೆ ಬಣ್ಣ ಬಳಿದು, ಅವಳಿಗೆ ಹೇಳದೆಯೇ ಅದನ್ನು ನಿಲ್ಲಿಸಿದೆ. ಇಷ್ಟು ಅಚ್ಚುಕಟ್ಟು ಮಾಡಿದ ಮರುದಿನವೇ ತಾವು ಕೆಮ್ಮಲು ಶುರುಮಾಡಿದಿರಿ. ಉಪಕಾರ ಸ್ಮರಣೆ ಎಂದರೆ ಇದೇ ಏನು?

ಈಗ ನನ್ನ ಸಂಕಟಕ್ಕೆ ಬರುತ್ತೇನೆ. ನನ್ನ ಹೆಂಡತಿ ಆಚೆ ದಡದ ಆಸ್ಪತ್ರೆಯಲ್ಲಿ ನರ್ಸು. ಎಂಟೂವರೆಗೆ ಅವಳು ವಾರ್ಡಿನಲ್ಲಿರಬೇಕು, ಅವಳು ಹೋಗುವತನಕ ಹಿಂದಿನ ಪಾಳಿಯವರು ಮನೆಗೆ ಹೋಗುವಂತಿಲ್ಲ. ತಮ್ಮ ದಯದಿಂದ ಐದು ವಾರವೂ ಅವಳು ತಡವಾಗಿ ಹೋಗಿ, ಎಲ್ಲರೆದುರು ಮಾತು ಕೇಳಿ, ಮನೆಗೆ ಬಂದು ಆ ಮಾತನ್ನು ಬಡ್ಡಿಸಮೇತ ನನಗೆ ದಾಟಿಸಿದ್ದಾಳೆ. ನಿನ್ನೆ ಕೂಗಾಡಲಿಲ್ಲ, ಅದೇ ನನಗೆ ಹೆದರಿಕೆ. ಬಟ್ಟೆ ಮಡಚುತ್ತಾ, "ಸೋಮವಾರ ಒಂದಿನ ನೋಡ್ತೀನಿ ರೀ. ನಿಂತ್ರೆ ಮಂಗಳವಾರದಿಂದ ಬಸ್ಸು" ಎಂದಳು. ಸೇತುವೆ ಸುತ್ತಿಕೊಂಡು ಹೋಗುವ ಬಸ್ಸಿಗೆ ಒಂದೂವರೆ ಗಂಟೆ ಬೇಕು. ಆದರೂ ಅದು ಹೊಳೆಯ ನಡುವೆ ನಿಲ್ಲುವುದಿಲ್ಲ. ದೋಣಿಯವನ ಹೆಂಡತಿಯೇ ಬಸ್ಸು ಹತ್ತಿದರೆ ನಾಳೆ ನನ್ನ ದೋಣಿಯನ್ನು ಯಾರು ಹತ್ತುತ್ತಾರೆ ಎಂಬ ಪ್ರಶ್ನೆ ಇದ್ದೇ ಇದೆ. ಆದರೆ ನಿಜ ಹೇಳಿಬಿಡುತ್ತೇನೆ, ನಾಚಿಕೆ ಬಿಟ್ಟು: ಅವಳು ಪಾಳಿಗೆ, ನಾನು ದೋಣಿಗೆ ಎಂದು ಓಡುವ ನಮಗೆ ಆ ನಲವತ್ತು ನಿಮಿಷವೇ ಒಟ್ಟಿಗೆ ಕೂರುವ ಹೊತ್ತು. ಅವಳು ಹಿಂದಿನ ಬೆಂಚಿನಲ್ಲಿ, ನಾನು ಚುಕ್ಕಾಣಿಯ ಬಳಿ, ನಡುವೆ ಒಂದು ಮಾರಿನ ದೂರ. ಮಾತೇನೂ ಇರುವುದಿಲ್ಲ, ತಮ್ಮ ಸದ್ದಿನಲ್ಲಿ ಕೇಳಿಸುವುದೂ ಇಲ್ಲ. ಆದರೂ ಆ ಬೆಂಚು ಖಾಲಿಯಾದರೆ ನನ್ನಿಂದ ತಡೆಯಲಾಗದು.

ಆದುದರಿಂದ ಈ ಕೆಳಗಿನ ಅಲ್ಪ ಬೇಡಿಕೆಗಳನ್ನು ತಮ್ಮ ಪಾದಗಳಲ್ಲಿ, ಅಂದರೆ ತಮ್ಮನ್ನು ನೆಲಕ್ಕೆ ಬಿಗಿದಿರುವ ನಾಲ್ಕು ಬೋಲ್ಟುಗಳ ಬಳಿ, ಇಡುತ್ತಿದ್ದೇನೆ. ನಿಲ್ಲಲೇಬೇಕೆಂದಿದ್ದರೆ ದಯಮಾಡಿ ದಡದಲ್ಲಿ ನಿಲ್ಲುವುದು. ಅದು ಸಾಧ್ಯವಿಲ್ಲವಾದರೆ ತಾವು ನಿಲ್ಲುವ ಜಾಗಕ್ಕೆ ದಡವನ್ನೇ ಕರೆಸಿಕೊಳ್ಳುವುದು. ರಜೆ ಬೇಕಿದ್ದರೆ ಹಿಂದಿನ ದಿನವೇ ಅರ್ಜಿ ಕೊಡುವುದು. ತಮ್ಮ ಹೊಗೆಯಿಂದ ಪೆಟ್ಟಿಗೆಯ ಮುಚ್ಚಳದ ಮೇಲೆ ಎರಡು ಗೆರೆ ಗೀಚಿದರೂ ನಾನು ಮಂಜೂರು ಮಾಡುತ್ತೇನೆ. ಕೆಲಸವೇ ಬೇಸರವಾಗಿದ್ದರೆ ತಾವು ಮೇಲೆ ಬಂದು ಚುಕ್ಕಾಣಿ ಹಿಡಿದು ಟಿಕೆಟ್ ಹರಿಯುವುದು, ನಾನು ಪೆಟ್ಟಿಗೆಯೊಳಗೆ ಇಳಿದು ಕೈಲಾದಷ್ಟು ಗುಡುಗುತ್ತೇನೆ. ಇದಾವುದೂ ಒಪ್ಪಿಗೆಯಾಗದಿದ್ದರೆ, ನಾಳೆ ಸೋಮವಾರ ಒಂದೇ ಒಂದು ಸಲ, ಆ ಪೀಪಾಯಿಯನ್ನು ನೋಡಿಯೂ ನೋಡದವರಂತೆ ದಾಟಿಬಿಡಬೇಕೆಂದು ಬೇಡಿಕೊಳ್ಳುತ್ತೇನೆ.

ತಮ್ಮ ಕೆಮ್ಮಿಗೆ ಕಿವಿಯಾಗಿ, ತಮ್ಮ ಮೌನಕ್ಕೆ ಬಲಿಯಾಗಿರುವ,

ತಮ್ಮ ವಿಶ್ವಾಸಿ,
ದೋಣಿಯವನು

ಮರೆತ ಮಾತು, ಸೋಮವಾರ ಸಂಜೆ ಅಂಟಿಸಿದ್ದು: ಮೇಲಿನ ಪತ್ರವನ್ನು ಕಿತ್ತುಹಾಕಲು ಇಂದು ಒಂದು ಗಂಟೆ ಹೆಣಗಿದೆ, ಅಂಟು ನಾನು ಹೊಗಳಿದ್ದಕ್ಕಿಂತ ಚೆನ್ನಾಗಿದೆ. ಹಾಗಾಗಿ ಅದರ ಕೆಳಗೆ ಇದನ್ನು ಸೇರಿಸುತ್ತಿದ್ದೇನೆ. ಬೆಳಿಗ್ಗೆ ನಾನು ನೀರು ಎತ್ತಿ ಚೆಲ್ಲುತ್ತಿದ್ದಾಗ ನನ್ನ ಹೆಂಡತಿಯವರು ಈ ಫಲಕದ ಮುಂದೆ ನಿಂತು ಪತ್ರವನ್ನು ಮೊದಲಿಂದ ಕೊನೆಯವರೆಗೆ ಓದಿದರು. ನಂತರ ಜ್ವರದ ಪಟ್ಟಿ ಬರೆಯುವ ಕೆಂಪು ಪೆನ್ನು ತೆಗೆದು, ಬುಸ್ ಎಂಬಲ್ಲಿ ಒಂದು, ವಾಷರ್ ಎಂಬಲ್ಲಿ ಒಂದು, ಬಿರಡೆ ಎಂಬಲ್ಲಿ ಎರಡು ಗೆರೆ ಎಳೆದರು. ಅನುಮಾನವಿದ್ದವರು ಮೇಲೆ ನೋಡಬಹುದು. ದೋಣಿ ಹತ್ತಿ ತಮ್ಮ ಬೆಂಚಿನ ಪಕ್ಕ ಬಗ್ಗಿ, ಬಣ್ಣ ಕೆರೆದು, ಕೈಚೀಲದ ಇಕ್ಕಳದಿಂದ ಬಿರಡೆಯನ್ನು ಹಿಡಿದು ಎಳೆದರು. ಪೈಪು "ಬುಸ್" ಎಂದು ಗಾಳಿ ಎಳೆದುಕೊಂಡಿತು. "ಗಾಜಿನ ಬಾಟಲಿಗೆ ಗಾಳಿ ಸೂಜಿ ಚುಚ್ಚದಿದ್ರೆ ಡ್ರಿಪ್ ಇಳಿಯಲ್ಲ ರೀ. ಇದು ಟ್ಯಾಂಕು ಉಸಿರಾಡೋ ಪೈಪು. ಮೂಗು ಮುಚ್ಚಿ ಉಣ್ಣು ಅಂದ್ರೆ ಅದಾದ್ರೂ ಎಷ್ಟು ಹೊತ್ತು ಉಂಡೀತು? ನೀವು ಮುಚ್ಚಳ ತೆಗೆದಾಗೆಲ್ಲ ಗಾಳಿ ಹೋಗ್ತಿತ್ತು, ಅದಕ್ಕೇ ಹೊರಡ್ತಿತ್ತು" ಎಂದು ಎಲ್ಲ ಪ್ರಯಾಣಿಕರಿಗೂ ಕೇಳುವಂತೆ ಹೇಳಿದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಗುಮಾಸ್ತರು ತಮ್ಮಷ್ಟಕ್ಕೆ ಹೇಳಿಕೊಂಡದ್ದೂ ನನಗೆ ಕೇಳಿಸಿತು.

ಇಪ್ಪತ್ತನೆಯ ನಿಮಿಷಕ್ಕೆ ಎಲ್ಲರೂ ಅಭ್ಯಾಸಬಲದಿಂದ ಎದ್ದು ನಿಂತರು, ಎಂಜಿನ್ ನಿಲ್ಲಲಿಲ್ಲ. ಪೀಪಾಯಿ ಹಿಂದೆ ಹೋಯಿತು. ಏನು ಮಾಡಬೇಕೆಂದು ತೋಚದೆ ಸ್ವಲ್ಪ ಹೊತ್ತು ನಿಂತಿದ್ದು ಒಬ್ಬೊಬ್ಬರಾಗಿ ಕೂತರು. ನನ್ನ ಹೆಂಡತಿಯವರು ದಾರಿಯುದ್ದಕ್ಕೂ ಮೂಗಿಗೆ ಕರವಸ್ತ್ರ ಹಿಡಿದು ಅದೇ ಬೆಂಚಿನಲ್ಲಿ ಕೂತಿದ್ದರು. ಪಾಳಿಗೆ ಇಪ್ಪತ್ತು ನಿಮಿಷ ಮುಂಚೆಯೇ ದಡ ಸೇರಿದೆವು. ಇಳಿಯುವಾಗ ಅವರು ಬಿರಡೆಯನ್ನು ಕೈಚೀಲಕ್ಕೆ ಹಾಕಿಕೊಂಡು, "ನಾಳೆ ಹೊತ್ತಿಗೆ ಆ ಪೈಪಿನ ಬಾಯಿ ಸ್ವಲ್ಪ ಆಚೆ ತಿರುಗಿಸಿ ಇಡಿ" ಎಂದರು. ನಾಳೆ ಎಂದರು! ಪೈಪನ್ನು ಈಗಾಗಲೇ ತಿರುಗಿಸಿದ್ದೇನೆ.

ಹಾಗಾಗಿ ಎಂಜಿನ್ನೇ, ನಿನ್ನ ಮೇಲೆ ಹೊರಿಸಿದ್ದನ್ನೆಲ್ಲ ಹಿಂದಕ್ಕೆ ತೆಗೆದುಕೊಂಡಿದ್ದೇನೆ, ಜೊತೆಗೆ ಬಹುವಚನವನ್ನೂ. ಬೇಸರ ಮಾಡಿಕೊಳ್ಳಬೇಡ, ಅದು ಮನೆಗೆ ಬೇಕಾಗಿದೆ.