ಪ್ಯಾನೆಲ್ಲಿಗೆ ಹೊದಿಕೆ

ರಿಪೇರಿಯವ: ಹೊದಿಕೆ ಯಾಕೆ ಸಾರ್? ಪ್ಯಾನೆಲ್ಲಿಗೇನು ಚಳಿಜ್ವರವಾ?

ಹೆಡ್‌ಮಾಸ್ತರು: ಮುಟ್ಟಬೇಡಿ! ಮೊದಲು ಕೆಳಗಿಳೀರಿ.

(ಗುಡ್ಡದ ತುದಿಯ ಶಾಲೆ. ಮೂರು ಗಂಟೆ ನಡೆದು ಹತ್ತಿ ಬಂದ ಸೋಲಾರ್ ರಿಪೇರಿಯವ ಏಣಿಯ ಮೇಲಿದ್ದಾನೆ. ಚಾವಣಿಯ ಪ್ಯಾನೆಲ್‌ಗಳಿಗೆ ನೀಲಿ ಟಾರ್ಪಾಲು ಹೊದಿಸಿ ಹಗ್ಗ ಬಿಗಿಯಲಾಗಿದೆ. ಏಣಿ ಹಿಡಿದವರು ಮೂರನೇ ಕ್ಲಾಸಿನ ಟೀಚರಮ್ಮ. ಒಂಬತ್ತು ತಿಂಗಳಿಂದ ದೀಪ ಹತ್ತಿಲ್ಲವೆಂದು ದೂರು ಬರೆದವರೂ ಅವರೇ. ಅವರ ಕ್ಲಾಸಿನ ಗೋಡೆ ಎಬ್ಬಿಸಿದ ಪುಣ್ಯಾತ್ಮ ಕಿಟಕಿ ಇಡುವುದನ್ನೇ ಮರೆತಿದ್ದ.)

ರಿಪೇರಿಯವ: ಬಿಸಿಲು ತಿಂದು ಕರೆಂಟ್ ಕೊಡೋ ಸಾಮಾನಿದು. ಅದರ ಬಾಯಿ ಕಟ್ಟಿಹಾಕಿ, ದೀಪ ಹತ್ತಲ್ಲ ಅಂತ ನನ್ನ ಕರೆಸ್ತೀರಲ್ಲ!

ಹೆಡ್‌ಮಾಸ್ತರು: ಕರೆಸಿದ್ದು ನಾನಲ್ಲ, ಈ ಟೀಚರಮ್ಮ.

ಟೀಚರಮ್ಮ: ಇನ್ನೇನ್ ಮಾಡ್ಲಿ? ನಮ್ಮ ಪುಟ್ಟಿ ಬೋರ್ಡು ಕಾಣದೆ ಎಂಟನ್ನೆಲ್ಲ ಮೂರು ಅಂತ ಬರ್ಕೊಳ್ತಾಳೆ. ಈ ಸಾರ್ ಅವಳ ಅಪ್ಪನ್ನ ಕರೆದು, ಹುಡುಗಿ ತಲೆ ಮಂದ ಅಂದುಬಿಟ್ರು. ನಾಳೆಯಿಂದ ಸ್ಕೂಲಿಗೆ ಕಳಿಸಲ್ಲ ಅಂತಾನೆ ಆತ.

ಹೆಡ್‌ಮಾಸ್ತರು: ಟಾರ್ಪಾಲು ಬಿಚ್ಚಬಾರದು ಅಂತ ಲಿಖಿತ ಅಪ್ಪಣೆ ಇದೆ ಟೀಚರಮ್ಮ. ನಾನು ಕಾಗದ ಮೀರೋನಲ್ಲ.

ರಿಪೇರಿಯವ: ಯಾವ ತಿಳಿಗೇಡಿ ಕೊಟ್ಟ ಅಪ್ಪಣೆ? ತನ್ನಿ ನೋಡೋಣ.

(ಹೆಡ್‌ಮಾಸ್ತರು ಫೈಲು ತರಲು ಹೋದರು. ರಿಪೇರಿಯವನ ಬಾಯಿ ಸುಮ್ಮನಿರಲಿಲ್ಲ.)

ರಿಪೇರಿಯವ: ಬರೆದವನಿಗೆ ಮೆದುಳು ಅನ್ನೋದು ಚೂರಾದ್ರೂ ಇತ್ತಾ ಮೇಡಂ? ಇಂಥೋರಿಗೆ ಸಂಬಳ ಬೇರೆ!

(ಫೈಲು ಬಂತು. ಟೀಚರಮ್ಮ ಒಂದು ಕೈಯಲ್ಲಿ ಏಣಿ, ಇನ್ನೊಂದರಲ್ಲಿ ಕಾಗದ ಹಿಡಿದು ಓದಿದರು.)

ಟೀಚರಮ್ಮ: 'ಸಾಹೇಬರು ಬಂದು ಉದ್ಘಾಟಿಸುವ ತನಕ ಪ್ಯಾನೆಲ್‌ಗಳನ್ನು ಮುಚ್ಚಿಡತಕ್ಕದ್ದು. ಯಾರೂ ತೆಗೆಯಕೂಡದು.'

ರಿಪೇರಿಯವ: ಆ ಸಾಹೇಬರು ಬಂದ್ರಾ?

ಹೆಡ್‌ಮಾಸ್ತರು: ಗುಡ್ಡದ ಬುಡದ ತನಕ ಬಂದ್ರಂತೆ. ತಲೆ ಎತ್ತಿ ನೋಡಿದ್ರಂತೆ. ಜೀಪು ತಿರುಗಿಸಿದ್ರಂತೆ.

ರಿಪೇರಿಯವ: ಸರಿಹೋಯ್ತು! ಈ ಕಾಗದ ಬರೆದ ಮಹಾಶಯನ್ನ ಆ ಕತ್ತಲೆ ಕೋಣೇಲಿ ಕೂರಿಸಿ ಮಗ್ಗಿ ಬರೆಸ್ಬೇಕು. ಸಹಿ ಯಾರದ್ದು ಮೇಡಂ?

(ಟೀಚರಮ್ಮ ಕಾಗದ ನೋಡಿದರು, ಏಣಿಯ ಮೇಲಿದ್ದವನನ್ನು ನೋಡಿದರು. ಕಾಗದವನ್ನೇ ಮೇಲಕ್ಕೆ ಚಾಚಿದರು. ಅವನು ಓದಿದ. ಕಿವಿ ಕೆಂಪಾಯಿತು.)

ರಿಪೇರಿಯವ: ಅವತ್ತು... ಜೋಡಿಸಿ ಹೋಗೋವಾಗ... ಮೇಲಿನವರು ಬರೆದುಕೊಡು ಅಂದ್ರು. ಕೊಟ್ಟೆ, ಆಮೇಲೆ ಮರೆತೇಬಿಟ್ಟೆ.

ಹೆಡ್‌ಮಾಸ್ತರು: ನೀವೇನಾ! ಅಂದಿನಿಂದ ಗಡ್ಡ ಬಿಟ್ಟಿದ್ದೀರಿ, ಗುರುತೇ ಸಿಗಲಿಲ್ಲ.

ಟೀಚರಮ್ಮ: ಇಂಥ ಕಾಗದ ಎಷ್ಟು ಶಾಲೆಗೆ ಕೊಟ್ಟಿದ್ದೀರಿ?

ರಿಪೇರಿಯವ: ಹನ್ನೊಂದು.

ಟೀಚರಮ್ಮ: ಎಲ್ಲಾ ಗುಡ್ಡದ ಮೇಲೇನಾ?

ರಿಪೇರಿಯವ: ಹೌದು ಮೇಡಂ. ಎಲ್ಲಾ ಕಡೆಯಿಂದಲೂ ಇದೇ ದೂರು ಬಂದಿದೆ. ಎಲ್ಲೋ ಪ್ಯಾನೆಲ್ಲೇ ಸರಿಯಿಲ್ಲ ಅಂದುಕೊಂಡಿದ್ದೆ.

(ಟೀಚರಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೆಡ್‌ಮಾಸ್ತರಿಗೆ ಎರಡೂ ಬೇಕಿರಲಿಲ್ಲ, ಅವರಿಗೆ ಬೇಕಿದ್ದದ್ದು ಇನ್ನೊಂದು ಕಾಗದ.)

ಹೆಡ್‌ಮಾಸ್ತರು: ಹಾಗಾದ್ರೆ ಬಿಚ್ಚಬಹುದು ಅಂತ ನೀವೇ ಬರೆದುಕೊಡಿ. ತಾರೀಕು ಹಾಕಿ.

(ಅವನು ಏಣಿಯ ಮೇಲೆಯೇ ಮೊಣಕಾಲಿಗೆ ಕಾಗದ ಒತ್ತಿ ಬರೆದ. ಹೆಡ್‌ಮಾಸ್ತರು ಎರಡು ಸಲ ಓದಿ, ಫೈಲಿಗೆ ಸೇರಿಸಿ, ಆಮೇಲೆ ತಲೆಯಾಡಿಸಿದರು. ರಿಪೇರಿಯವ ಹಗ್ಗ ಬಿಚ್ಚಿ ಟಾರ್ಪಾಲು ಸರಿಸಿದ. ಗಂಟೆಗಟ್ಟಲೆ ಬಿಸಿಲು ಕುಡಿದ ಮೇಲೆ ಮೂರನೇ ಕ್ಲಾಸಿನ ದೀಪ ಕಣ್ಣು ಬಿಟ್ಟಿತು. ಒಳಗಿಂದ ಪುಟ್ಟಿಯ ಕೂಗು ಕೇಳಿಸಿತು: "ಟೀಚರ್, ಅದು ಎಂಟಾ! ಇಷ್ಟು ದಿನ ಹೇಳೇ ಇಲ್ವಲ್ಲ!" ಒಳಗೆ ಹೋಗಿದ್ದ ಟೀಚರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಈಚೆ ಬಂದರು.)

ಟೀಚರಮ್ಮ: ಸಾರ್, ಇವತ್ತೇ ಅವಳ ಅಪ್ಪನಿಗೊಂದು ಕಾಗದ ಬರೀರಿ. ಮಂದ ಇದ್ದದ್ದು ಹುಡುಗಿ ತಲೆಯಲ್ಲ ಅಂತ.

ಹೆಡ್‌ಮಾಸ್ತರು: ಬರೀಬಹುದು. ಆದ್ರೆ ಮತ್ಯಾರದ್ದು ಅಂತ ಆತ ಕೇಳ್ತಾನಲ್ಲ, ಅದಕ್ಕೇನು ಬರೀಲಿ?

ಟೀಚರಮ್ಮ: ಅದನ್ನ ಬರೆಯೋದೇ ಬೇಡ ಸಾರ್. ಕೆಳಗೆ ನೀವಿಬ್ಬರೂ ಸಹಿ ಹಾಕಿ, ಸಾಕು.