ಬೆರ್ರಿ ಬಳ್ಳಿಯ ಹದ್ದುಬಸ್ತು

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ಯಾರಾದರೂ ಹೇಳಿದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ತಲೆ ನೆಟ್ಟಗೇ ಇದೆ. ಜೀವಮಾನವಿಡೀ ಸರ್ವೆಯರ್ ಆಗಿ ಊರೂರ ಹೊಲ ಅಳೆದವರು, ನಿವೃತ್ತಿಯ ದಿನ ಟೇಪು ಸುತ್ತಿಡುವುದನ್ನು ಮರೆತರು, ಅಷ್ಟೆ. ಈಗಲೂ ಅತ್ತೆ ದೋಸೆ ಬಡಿಸಿದರೆ ಮೊದಲು ಅದರ ಅಗಲ ಅಳೆದು, ಆಮೇಲೆ ಚಟ್ನಿ ಕೇಳುತ್ತಾರೆ.

ಈ ಅಳತೆಯ ಚಟದಿಂದಲೇ ಆರು ವರ್ಷದ ಹಿಂದೆ ಒಂದು ಅನಾಹುತವಾಯಿತು. ಶಿಕಾರಿಪುರದಲ್ಲಿ ಮಾವನ ಮನೆಯ ಪಕ್ಕದ್ದೇ ಅವರ ಅಣ್ಣನ, ಅಂದರೆ ನಮ್ಮ ದೊಡ್ಡಮಾವನ ಮನೆ. ನಡುವೆ ಗೋಡೆ ಕಟ್ಟುವ ದಿನ ಮಾವ ಟೇಪು ಹಿಡಿದು, ಮೇಸ್ತ್ರಿ, ಆಳುಗಳು, ಬೀಗರು ಎಲ್ಲರ ಎದುರಿಗೆ, "ಅಣ್ಣಾ, ನಿನ್ನ ಬಚ್ಚಲುಮನೆ ನನ್ನ ಜಾಗದಾಗೆ ಒಂದೂವರೆ ಅಡಿ ಬಂದೈತೆ" ಎಂದುಬಿಟ್ಟರು. ಜಾಗ ಕೇಳಲಿಲ್ಲ ಪಾಪ, ಅಳತೆ ಹೇಳಿದರು. ದೊಡ್ಡಮಾವ ಮರುದಿನವೇ ಬಚ್ಚಲುಮನೆ ಒಡೆಸಿದರು, ಮಾತೂ ಬಿಟ್ಟರು. ಆಳೆತ್ತರದ ಗೋಡೆ ಎದ್ದಿತು. ಈ ಕಡೆ ಕೆಮ್ಮಿದರೆ ಆ ಕಡೆ ಬಾಗಿಲು ಹಾಕಿಕೊಳ್ಳುತ್ತಿತ್ತು. "ಅಳತೆ ಅಂದ್ರೆ ಅಳತೆನೇ" ಎಂದು ಮಾವ ಎಲ್ಲರೆದುರು ಬೀಗುತ್ತಿದ್ದರೂ, ಅಣ್ಣನ ಮಾತಿಲ್ಲದ್ದು ಅವರನ್ನು ಒಳಗೊಳಗೇ ತಿನ್ನುತ್ತಿತ್ತು.

ಇಂಥವರ ಹಿತ್ತಲಿಗೆ ಬಂತು ಬಾಯ್ಸನ್‌ಬೆರ್ರಿ! ಯಾವುದೋ ವಿಡಿಯೋ ನೋಡಿ, ಯಾವುದೋ ಬೆಟ್ಟದೂರಿನ ನರ್ಸರಿಯಿಂದ ಪಾರ್ಸೆಲ್ ತರಿಸಿದ್ದರು. ಬಿಚ್ಚಿದರೆ ಗೇಣುದ್ದದ ಕಡ್ಡಿ.

"ಹಲ್ಲುಜ್ಜಾಕೆ ಬೇವಿನಕಡ್ಡಿ ನಮ್ ಬೀದಿಯಾಗೇ ಇರ್ಲಿಲ್ವೇನ್ರೀ?" ಎಂದರು ಅತ್ತೆ.

"ಲೇ, ಇದು ಜಂಟಿ ಖಾತೆ ಗಿಡ ಕಣೇ. ರಾಸ್ಪ್‌ಬೆರ್ರಿ, ಬ್ಲ್ಯಾಕ್‌ಬೆರ್ರಿ ಎಲ್ಲಾ ಕೂಡ್ಸಿ ಮಾಡಿದ ತಳಿ. ಇನ್ನು ಹಿಸ್ಸೆ ಮಾಡಾಕೆ ಬರಲ್ಲ."

ಹೀಗೆಂದವರೇ ಗೋಡೆ ಪಕ್ಕ ಗುಂಡಿ ತೋಡಿ ಕಡ್ಡಿ ನೆಟ್ಟರು. ಅದರ ನಾಲ್ಕು ಮೂಲೆಗೂ ಹೊಲದ ಗಡಿಗೆ ಹಾಕುವಂಥ ಬಾಂದುಕಲ್ಲು ಹೂತು, ಸುಣ್ಣ ಬಳಿದರು. ಬಳ್ಳಿಗೆ ಓದು ಬರಹ ಬರುತ್ತದೆಯೇ? ಮೊದಲ ಮಳೆಗಾಲದಲ್ಲೇ ಕಲ್ಲು ದಾಟಿ, ಬಟ್ಟೆ ಒಣಹಾಕುವ ತಂತಿ ದಾಟಿ, ತನ್ನ ಮುಳ್ಳಿನಿಂದ ಅತ್ತೆಯ ಎರಡು ಸೀರೆ, ಹಾಲಿನವನ ಒಂದು ಅಂಗಿ ಹರಿಯಿತು. ಹಣ್ಣು ಮಾತ್ರ ಇಲ್ಲ.

"ಮೊದಲ್ನೇ ವರ್ಷ ಬಳ್ಳಿ ಬೆಳೀತೈತೆ. ಎರಡ್ನೇ ವರ್ಷ ಹಣ್ಣು ಬಿಟ್ಟು ಸಾಯ್ತೈತೆ. ಅದರ ಕಾನೂನೇ ಹಂಗೆ" ಎಂದು ಮಾವ ಸಮಾಧಾನ ಹೇಳಿದರು.

"ಅಷ್ಟ್ರಾಗೆ ನಾನು ಉಟ್ಕಣಾಕೆ ಒಂದ್ ಸೀರೆ ಉಳಿಸ್ತೈತಾ ಕೇಳ್ರಿ" ಎಂದರು ಅತ್ತೆ.

ಆಮೇಲೆ ಹೊಸ ಸಮಸ್ಯೆ ಬಂತು. ಚೆನ್ನಾಗಿ ಚಳಿ ಹಿಡಿಯದಿದ್ದರೆ ಈ ಬಳ್ಳಿ ಹೂ ಬಿಡುವುದಿಲ್ಲವಂತೆ. ಶಿಕಾರಿಪುರದಲ್ಲಿ ಅಷ್ಟು ಚಳಿ ಎಲ್ಲಿಂದ ತರುವುದು? ಶಿರಾಳಕೊಪ್ಪದ ಮೀನು ಮಾರ್ಕೆಟ್ಟಿನಿಂದ! ನಾನಿರುವುದು ಸೊರಬದಲ್ಲಿ, ಮಾವನ ಮನೆಗೆ ಹೋಗುವಾಗ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸುತ್ತೇನೆ. ಅದೇ ನನಗೆ ಮುಳುವಾಯಿತು. "ಬಳ್ಳಿಗೆ ಚಳಿ ಸಾಲ್ದು, ಬರುವಾಗ ಒಂದ್ ಚೀಲ ಐಸು ತಗಂಡ್ ಬಾರವ್ವ" ಎಂದು ಮಾವ ಗೋಡೆ ಪಕ್ಕ ನಿಂತು ಊರಿಗೆಲ್ಲ ಕೇಳುವಂತೆ ಫೋನು ಮಾಡುತ್ತಿದ್ದರು.

ಬಸ್ಸಿನಲ್ಲಿ ನನ್ನ ಚೀಲದಿಂದ ನೀರು ಹರಿದು ಡ್ರೈವರನ ಕಾಲ ಬುಡಕ್ಕೆ ಹೋಯಿತು. ಕಂಡಕ್ಟರ್ ಮೂಗು ಮುಚ್ಚಿಕೊಂಡು, "ಯಾವ ಮೀನಮ್ಮಾ?" ಎಂದ.

"ಮೀನಿಲ್ಲ ಕಣ್ರೀ, ಬರೀ ಐಸು."

"ಮೀನು ಅಲ್ಲೇ ಬಿಟ್ಟು ಐಸು ತಗಂಡು ಹೊಂಟೀರಾ?"

ಇಡೀ ಬಸ್ಸು ನನ್ನನ್ನು ನೋಡಿತು. ಹುಟ್ಟಿದಾಗಿನಿಂದ ಮೀನು ಮುಟ್ಟದ ಮನೆತನ ನಮ್ಮದು!

ಐಸನ್ನು ಬಳ್ಳಿಯ ಬುಡಕ್ಕೆ ಸುರಿದು ಗೋಣಿತಾಟು ಹೊದಿಸಿದ ದಿನವೇ ಏಳು ಬೆಕ್ಕುಗಳು ಬಂದು ಬಾಂದುಕಲ್ಲುಗಳ ಸುತ್ತ ಕೂತವು. ತಿಂಗಳೊಪ್ಪತ್ತಿನಲ್ಲಿ ಅವು ಒಂದೊಂದಾಗಿ ಕಾಣೆಯಾದವು. "ಹದ್ದು ಮೀರಬಾರ್ದು ಅಂತ ಅವಕ್ಕೆ ತಿಳೀತು" ಎಂದು ಮಾವ ಅದನ್ನೂ ತಮ್ಮ ಕಲ್ಲುಗಳ ಲೆಕ್ಕಕ್ಕೇ ಸೇರಿಸಿಕೊಂಡರು.

ಎರಡನೆಯ ವರ್ಷ ಈ ಕಡೆ ನಾಲ್ಕು ಹೂ ಬಿಟ್ಟು ನಾಲ್ಕೂ ಉದುರಿದವು. ಆಗಲೇ ಮಾವನ ಕಣ್ಣಿಗೆ ಬಿದ್ದದ್ದು, ಒಂದು ಬಳ್ಳಿ ಗೋಡೆ ಹತ್ತಿ ಆ ಕಡೆ ಇಳಿದಿದೆ. ಎಳೆದರು, ಬರಲಿಲ್ಲ. ಈ ಜಾತಿ ಬಳ್ಳಿಯ ತುದಿ ಮಣ್ಣಿಗೆ ತಾಗಿದರೆ ಸಾಕು, ಅಲ್ಲೇ ಬೇರೂರುತ್ತದೆ. ಮಾವನ ಮುಖ ಬಿಳಿಚಿತು.

"ಒತ್ತುವರಿ ಆಗೈತೆ" ಎಂದರು.

"ಈ ಕಡೆಯಿಂದ ಕತ್ತರಿಸಿಬಿಡ್ರಿ. ಯಾರಿಗೆ ತಿಳೀತೈತೆ?" ಎಂದರು ಅತ್ತೆ.

"ಬೇರು ಅಲ್ಲೇ ಉಳೀತದಲ್ಲೇ. ಒಂದೂವರೆ ಅಡಿಗೆ ಅವನ ಬಚ್ಚಲುಮನೆ ಒಡೆಸ್ದೋನು ನಾನು. ಈಗ ನನ್ನ ಬೇರು ಅವನ ಜಾಗದಾಗೆ ಇರಬಹುದಾ?"

ಇಸ್ತ್ರಿ ಅಂಗಿ ತೊಟ್ಟು, ಒಂದು ಕೈಯಲ್ಲಿ ಟೇಪು, ಇನ್ನೊಂದರಲ್ಲಿ ಕತ್ತರಿ ಹಿಡಿದು, ಸಾಕ್ಷಿಗೆ ನನ್ನನ್ನು ಕರೆದುಕೊಂಡು ಮಾವ ಹೊರಟರು. ಆರು ವರ್ಷದಿಂದ ತುಳಿಯದ ಹೊಸ್ತಿಲು. ಮಾವ ಕತ್ತರಿಯನ್ನು ಕಂಕುಳಲ್ಲಿ ಇರುಕಿಕೊಂಡು ಚಿಲಕ ಬಡಿದರು.

ದೊಡ್ಡಮಾವ ಬಾಗಿಲು ತೆಗೆದರು. ಟೇಪು ನೋಡಿದರು, ಕತ್ತರಿ ನೋಡಿದರು. ತಿರುಗಿ ಹಿತ್ತಲಿಗೆ ನಡೆದರು. ನಾವೂ ಹಿಂದೆಯೇ ಹೋದೆವು.

ಅಲ್ಲಿ ಏಳೂ ಬೆಕ್ಕುಗಳು ಸಾಲಾಗಿ ಕೂತಿದ್ದವು. ನಡುವೆ ಒದ್ದೆ ಗೋಣಿತಾಟು. ಅದರ ಸಂದಿಯಿಂದ ಎರಡು ಎಳೆ ಚಿಗುರು ಎದ್ದಿದ್ದವು. ಮೀನಿನ ಐಸಿನ ಆ ವಾಸನೆ ನನಗೆ ಗೊತ್ತಿಲ್ಲದ್ದೇ? ಮೇಲೆ, ಗೋಡೆಯಿಂದ ಇಳಿದ ಬಳ್ಳಿಯಲ್ಲಿ ಕಪ್ಪುಗೆಂಪಿನ ಎರಡು ಹಣ್ಣು. ಹಕ್ಕಿ ಕುಕ್ಕದಂತೆ ಸುತ್ತ ಹಳೇ ಪಂಚೆಯ ತುಂಡು ಕಟ್ಟಿತ್ತು.

"ಚಳಿ ಬೇಕು ಅಂತ ನೀ ಫೋನಾಗೆ ಕೂಗ್ತಿದ್ದೆಲ್ಲ, ಕೇಳ್ತಿತ್ತು" ಎಂದರು ದೊಡ್ಡಮಾವ, ಬೆಕ್ಕುಗಳ ಕಡೆ ನೋಡುತ್ತ. "ವಾರಕ್ಕೆರಡು ಸಲ ಶಿರಾಳಕೊಪ್ಪಕ್ಕೆ ಹೋಗಿ ಐಸು ತಂದು ಹಾಕ್ತಿದ್ದೀನಿ. ಯಾವಾಗ ನಿಲ್ಲಿಸ್ಬೇಕು ಅಂತ ಯಾರನ್ನ ಕೇಳ್ಲಿ?"

ಮಾವ ಏನು ಮಾಡಬೇಕೆಂದು ತೋಚದೆ, ಬೇರಿನಿಂದ ಗೋಡೆಗೆ ಟೇಪು ಎಳೆಯಲು ಬಗ್ಗಿದರು. ದೊಡ್ಡಮಾವ ಅವರ ಕೈ ಹಿಡಿದುಕೊಂಡರು.

"ಅಳೀಬ್ಯಾಡ ಕಣೋ."

ಟೇಪು ಸರ್ರನೆ ಒಳಗೆ ಸುತ್ತಿಕೊಂಡಿತು. ನನ್ನ ಮಾವ, ಊರವರ ಜಮೀನಿನಲ್ಲಿ ಒಂದಂಗುಲಕ್ಕೂ ಕರಗದಿದ್ದ ಮನುಷ್ಯ, ಆ ಏಳು ಬೆಕ್ಕುಗಳ ಎದುರಿಗೆ ಬಿಕ್ಕಿ ಬಿಕ್ಕಿ ಅತ್ತರು. ದೊಡ್ಡಮಾವ ಹಣ್ಣಿಗೆ ಕಟ್ಟಿದ್ದ ಪಂಚೆಯ ತುಂಡು ಬಿಚ್ಚಿ, ಒಂದು ಹಣ್ಣು ಕಿತ್ತು ತಮ್ಮನ ಬಾಯಿಗೆ ಇಟ್ಟರು.

"ಹುಳಿ ಐತೆ" ಎಂದರು ಮಾವ, ಅಳುತ್ತಲೇ.

"ಹೂಂ. ಬಾ, ಕಾಫಿ ಕುಡಿ."

ಆ ಹಣ್ಣು ಎಷ್ಟು ದಪ್ಪ ಇತ್ತು ಎಂದು ಆಮೇಲೆ ಅತ್ತೆ ಎಷ್ಟೋ ಸಲ ಕೇಳಿದ್ದಾರೆ. ಅಳೆಯಲಿಲ್ಲ ಎನ್ನುತ್ತಾರೆ ಮಾವ.