ನಮ್ಮತ್ತಿಗೆಯ ಮಧ್ಯಾಹ್ನದ ಮಡಿ

ಆ ಕಾಲದ ಮುಂಬಯಿಯ ವಿಲೆ ಪಾರ್ಲೆಯಲ್ಲಿ ನಮ್ಮತ್ತಿಗೆಯಷ್ಟು ಮಡಿವಂತ ಹೆಂಗಸು ಇನ್ನೊಬ್ಬಳಿರಲಿಲ್ಲ ಎಂದರೆ ನೀವು ನಂಬಬೇಕು. ನಂಬದಿದ್ದರೆ ತಪ್ಪು ನಿಮ್ಮದಲ್ಲ ಬಿಡಿ. ಸ್ಟೇಷನ್ನಿನ ಪಕ್ಕದ ಹೋಟೆಲಿನ ಈರುಳ್ಳಿ ಸಾಂಬಾರನ್ನು ಬಟ್ಟಲೆತ್ತಿ ಕುಡಿಯುತ್ತಿದ್ದವಳು, ಏಕಾದಶಿ ಯಾವತ್ತು ಬಂತು ಯಾವತ್ತು ಹೋಯಿತು ಎಂದು ಪಂಚಾಂಗವನ್ನು ಒಮ್ಮೆಯೂ ವಿಚಾರಿಸದವಳು, ಲೋಕಲ್ ರೈಲಿನಲ್ಲಿ ಊರವರೆಲ್ಲರ ಭುಜಕ್ಕೆ ಭುಜ ತಾಗಿಸಿಕೊಂಡು ಬಂದು ಹಾಗೇ ಒಲೆಯ ಮುಂದೆ ಕೂರುತ್ತಿದ್ದವಳು, ಇವಳೆಂಥ ಮಡಿವಂತೆ ಎಂದು ನೀವು ಕೇಳಿದರೆ ನ್ಯಾಯವೇ. ಆದರೆ ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಬಿಲ್ಡಿಂಗಿಗೆ ಬಂದು ನೋಡಬೇಕಿತ್ತು! ಆಗ ಅವಳನ್ನು ಮುಟ್ಟುವ ಧೈರ್ಯ ಗಂಡನಿಗಿರಲಿಲ್ಲ, ಮಕ್ಕಳಿಗಿರಲಿಲ್ಲ, ಮೈದುನನಾದ ನನಗಂತೂ ಕನಸಿನಲ್ಲೂ ಇರಲಿಲ್ಲ. (ಎದುರಿಗಿದ್ದಾಗ ಅತ್ತಿಗೆಗೆ ನಾನು ಬಹುವಚನವನ್ನೇ ಬಳಸುತ್ತಿದ್ದೆ. ಬರೆಯುವಾಗ ಸಲುಗೆ ಹೆಚ್ಚಾಗಿ ಏಕವಚನ ಬರುತ್ತಿದೆ. ನೀವು ಹೋಗಿ ಹೇಳದಿದ್ದರೆ ಸಾಕು!)

ನಾನು ಮೈಸೂರಿನಿಂದ ಕೆಲಸಕ್ಕೆಂದು ಮುಂಬಯಿಗೆ ಬಂದು ಅಣ್ಣನ ಮನೆಯಲ್ಲಿ ಇಳಿದುಕೊಂಡಿದ್ದ ಕಾಲ ಅದು. ದೇಶಕ್ಕೆ ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ನಮ್ಮ ಮೂರನೆಯ ಮಹಡಿಗೆ ನೀರು ಮಾತ್ರ ಇನ್ನೂ ಬಂದಿರಲಿಲ್ಲ. ಎರಡು ಕೋಣೆಯ ಮನೆ, ಮುಂದೆ ಎಲ್ಲ ಸಂಸಾರಗಳಿಗೂ ಸೇರಿದ ಉದ್ದನೆಯ ಗ್ಯಾಲರಿ, ಕೆಳಗೆ ಅಂಗಳದಲ್ಲಿ ನಲ್ಲಿ. ಗಾಳಿ ಒಂದು ಕಡೆಯಿಂದ ಬೀಸಿದರೆ ಬಿಸ್ಕತ್ತು ಕಾರ್ಖಾನೆಯ ಸಿಹಿ ವಾಸನೆ, ಇನ್ನೊಂದು ಕಡೆಯಿಂದ ಬೀಸಿದರೆ ಎಮ್ಮೆ ತಬೇಲಾದ ವಾಸನೆ. ಮನೆಯಲ್ಲಿ ಎರಡು ಹೆಣ್ಣುಮಕ್ಕಳು. ದೊಡ್ಡವಳು ಪುಟ್ಟಿಗೆ ಪ್ರಶ್ನೆ ಕೇಳುವ ವಯಸ್ಸು, ಚಿಕ್ಕವಳು ಚಿನ್ನಿಗೆ ಸಿಕ್ಕಿದ್ದನ್ನು ಹಿಡಿದುಕೊಂಡು ನಡೆಯುವ ವಯಸ್ಸು. ಅತ್ತಿಗೆಯ ಸೊಂಟ ಒಬ್ಬಳಿಗೆ, ಸೆರಗು ಇನ್ನೊಬ್ಬಳಿಗೆ, ಮಿಕ್ಕ ಅತ್ತಿಗೆ ನಮ್ಮಿಬ್ಬರು ಗಂಡಸರಿಗೆ! ಅವಳ ಪಾಲಿಗೆ ಅವಳು ಎಷ್ಟು ಉಳಿದಿದ್ದಳೆಂದು ಯಾರು ನೋಡಿದ್ದರು?

ಮಡಿ ಹುಟ್ಟಿದ್ದು ಒಂದು ಭಾನುವಾರ. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಚಿನ್ನಿ ಕಾಲಿಗೆ ಜೋತುಬಿದ್ದಿದ್ದಳು. ಪುಟ್ಟಿ "ಹಾಲು ಯಾಕೆ ಮೇಲಕ್ಕೇ ಬರುತ್ತೆ, ಕೆಳಕ್ಕೆ ಯಾಕೆ ಹೋಗಲ್ಲ?" ಎಂದು ಜಡೆ ಹಿಡಿದು ಕೇಳುತ್ತಿದ್ದಳು. ಅಣ್ಣ ಒಳಗಿನಿಂದ "ನನ್ನ ಕನ್ನಡಕ ಎಲ್ಲೇ?" ಎಂದು ಕೂಗುತ್ತಿದ್ದ. ನಾನು ಎರಡನೆಯ ಲೋಟ ಕಾಫಿಗೆ ಬಾಗಿಲಲ್ಲಿ ನಿಂತಿದ್ದೆ. ಪಕ್ಕದ ಮನೆಯ ಮರಾಠಿ ಹೆಂಗಸು ಕಾಕೂ ಸಕ್ಕರೆಗೆ ಬಟ್ಟಲು ಚಾಚಿದ್ದರು. ಅತ್ತಿಗೆ ತಿರುಗಿ ನಿಂತಳು. ಬೈಯುತ್ತಾಳೆ ಎಂದುಕೊಂಡೆವು. ಅವಳ ಬಾಯಿಂದ ಬಂದದ್ದು ಒಂದೇ ಮಾತು.

"ಎಲ್ಲಾರೂ ದೂರ ನಿಲ್ಲಿ! ನಾನು ಮಡಿ!"

ಏನಾಶ್ಚರ್ಯ! ಎಲ್ಲರೂ ದೂರ ನಿಂತೆವು. ಕಾಫಿಗೆ ಬಂದಿದ್ದ ನಾನು ಹೊಸ್ತಿಲು ದಾಟಿ ಹಿಂದಕ್ಕೆ ಹೋದೆ. ಮೈಸೂರಿನ ಮನೆಯಲ್ಲಿ ಅಜ್ಜಿ, ದೊಡ್ಡಮ್ಮ, ಅಮ್ಮ ಎಲ್ಲರ ಬಾಯಲ್ಲೂ ಆ ಮಾತು ಕೇಳಿ ಕೇಳಿ, ಕಿವಿಗೆ ಬಿದ್ದರೆ ಸಾಕು ಕಾಲು ತಾನಾಗಿ ಹಿಂದೆ ಸರಿಯುವ ಅಭ್ಯಾಸ ನಮಗೆ. ಹೇಳಿದ ಅತ್ತಿಗೆಗೇ ಬೆರಗಾಯಿತು. ಎಷ್ಟು ಬೈದರೂ ಸರಿಯದಿದ್ದ ಜನ ಒಂದು ಮಾತಿಗೆ ಸರಿದರಲ್ಲ! ಅವಳ ಮುಖದ ಮೇಲೆ ಆಗ ಮೂಡಿದ ಕಳೆಯನ್ನು ನಾನು ಇವತ್ತಿಗೂ ಮರೆತಿಲ್ಲ.

ಮಾರನೆಯ ದಿನದಿಂದಲೇ ಶಾಸ್ತ್ರ ಜಾರಿಗೆ ಬಂತು. ಊಟ ಮುಗಿದು ಪಾತ್ರೆ ತೊಳೆದಾದ ಮೇಲೆ, ಸಂಜೆ ನಲ್ಲಿಯ ಮುಂದೆ ಸಾಲು ನಿಲ್ಲುವುದರೊಳಗೆ, ಅತ್ತಿಗೆಯದು ಎರಡನೆಯ ಸ್ನಾನ. ಗ್ಯಾಲರಿಯ ಎತ್ತರದ ತಂತಿಯ ಮೇಲೆ, ಮಕ್ಕಳ ಕೈಗೆ ಎಟುಕದ ಹಾಗೆ ಒಣಗಿದ ಹಳೆಯ ನೂಲಿನ ಸೀರೆ. ಗ್ಯಾಲರಿಯ ಕೊನೆಯಲ್ಲಿ ಒಂದು ಮಣೆ. ಅಷ್ಟರವರೆಗೆ ಎಲ್ಲವೂ ಶಾಸ್ತ್ರೋಕ್ತ. ಮುಂದಿನದನ್ನು ಯಾವ ಪುರೋಹಿತರೂ ಕೇಳಿರಲಾರರು! ಹಿತ್ತಾಳೆಯ ಬೋಗುಣಿಯಲ್ಲಿ ಬಿಸಿನೀರು, ಅದಕ್ಕೊಂದು ಹಿಡಿ ಉಪ್ಪು, ಅದರೊಳಗೆ ಅತ್ತಿಗೆಯ ಎರಡೂ ಪಾದಗಳು. ಪಕ್ಕದಲ್ಲಿ, ನಮಗ್ಯಾರಿಗೂ ಕೊಡದೆ ಬೆಳಿಗ್ಗೆಯೇ ಬಚ್ಚಿಟ್ಟ ಮೊದಲ ಡಿಕಾಕ್ಷನ್ನಿನ ಕಾಫಿ. ಮುಖಕ್ಕೆ ಕಡಲೆಹಿಟ್ಟು ಕಲಸಿದ ಹಾಲಿನ ಕೆನೆ. ತಲೆಗೆ ಕೊಬ್ಬರಿ ಎಣ್ಣೆ. ತೊಡೆಯ ಮೇಲೆ ಓದಿದರೂ ಆಯಿತು, ಓದದಿದ್ದರೂ ಆಯಿತು ಎಂಬಂತೆ ಒಂದು ಹಳೆಯ ಮಾಸಪತ್ರಿಕೆ.

"ಈ ಮನೇಲಿ ಬೆಣ್ಣೆ ಯಾಕೆ ಕಟ್ಟೋದೇ ಇಲ್ಲ?" ಎಂದು ಅಣ್ಣ ಒಂದು ದಿನ ಊಟಕ್ಕೆ ಕೂತಾಗ ಗೊಣಗಿದ.

"ಕಟ್ಟಿದೇರೀ. ಮೂರು ಗಂಟೆಗೆ ನನ್ನ ಮುಖ ನೋಡಿ, ಕಾಣತ್ತೆ!"

ಮಡಿಗೆ ಒಂದು ಕಾನೂನಿತ್ತು. ಮುಟ್ಟಿದರೆ ಮೈಲಿಗೆ, ಮೈಲಿಗೆಯಾದರೆ ಅತ್ತಿಗೆ ಮತ್ತೆ ಸ್ನಾನ ಮಾಡಬೇಕು, ಅದಕ್ಕೆ ಮುಟ್ಟಿದವರೇ ಕೆಳಗಿನಿಂದ ನೀರು ಹೊತ್ತು ತರಬೇಕು! ಅಣ್ಣನಿಗೆ ಇದರ ಮೇಲೆ ನಂಬಿಕೆಯಿರಲಿಲ್ಲ. ಒಂದು ಶನಿವಾರ ಆಫೀಸಿನಿಂದ ಬೇಗ ಬಂದವನು, ಷರಟಿನ ಗುಂಡಿ ಕಿತ್ತುಹೋಗಿದೆ ಎಂದು ತೋರಿಸಲು ಅವಳ ಭುಜ ತಟ್ಟಿದ. ಅತ್ತಿಗೆ ಎದ್ದು ಖಾಲಿ ಬಕೆಟ್ಟನ್ನು ಅವನ ಮುಂದಿಟ್ಟಳು, ಅಷ್ಟೆ. ಬಿಲ್ಡಿಂಗಿನ ಹೆಂಗಸರೆಲ್ಲ ಗ್ಯಾಲರಿಯ ಕಟಕಟೆಗೆ ಬಂದು ನೋಡುತ್ತಿದ್ದಂತೆ ಒಬ್ಬ ಹೆಡ್ ಕ್ಲಾರ್ಕು ಪಂಚೆ ಎತ್ತಿಕಟ್ಟಿ ಮೂರು ಮಹಡಿ ನೀರು ಹೊತ್ತ. ಆಮೇಲೆ ಅವನು ಗುಂಡಿ ಹೊಲಿಯುವುದನ್ನು ತಾನೇ ಕಲಿತ. ಚೆನ್ನಾಗಿಯೇ ಹೊಲಿಯುತ್ತಿದ್ದ, ಪಾಪ.

ಇಷ್ಟಾದರೂ ಒಂದು ಮಾತು ಹೇಳಬೇಕು. ನಮ್ಮ ಕಡೆ ಮಡಿಯ ಹೆಸರಿನಲ್ಲಿ ಯಾರ ಯಾರನ್ನೋ ಬಾಗಿಲಾಚೆ ನಿಲ್ಲಿಸಿದ್ದನ್ನು ನಾನು ಕಂಡಿದ್ದೇನೆ, ಅದರಲ್ಲಿ ನನಗೆ ಗೌರವವಿಲ್ಲ. ಅತ್ತಿಗೆಯ ಮಡಿಗೆ ಕಸ ಗುಡಿಸುವವಳು ಮೈಲಿಗೆಯಲ್ಲ, ಹಾಲಿನ ಭೈಯ್ಯಾ ಮೈಲಿಗೆಯಲ್ಲ. ಅವಳಿಗೆ ಮೈಲಿಗೆಯಾಗಿದ್ದವರು ಗಂಡ, ಮಕ್ಕಳು, ಮೈದುನ ಮಾತ್ರ!

ಪಕ್ಕದ ಮನೆಯ ಕಾಕೂಗೆ ಮೊದಮೊದಲು ಭಯಭಕ್ತಿ. ಮರಾಠಿಯಲ್ಲಿ ಮಡಿಯನ್ನು ಸೋವಳೆ ಎನ್ನುತ್ತಾರೆ. ಇಂಥ ಚಿಕ್ಕ ವಯಸ್ಸಿನಲ್ಲೇ ಇಂಥ ಸೋವಳೆಯೇ ಎಂದು ದೂರದಿಂದಲೇ ಕೈಮುಗಿಯುತ್ತಿದ್ದರು. ಒಂದು ದಿನ ಹತ್ತಿರ ಬಂದು ಬೋಗುಣಿ ನೋಡಿದರು, ಕಾಫಿ ನೋಡಿದರು, ಅತ್ತಿಗೆಯ ಮುಖದ ಮೇಲಿನ ಹಿಟ್ಟು ನೋಡಿದರು. ಸರಸರನೆ ಹೊರಟುಹೋದರು. ನಾಳೆಯಿಂದ ಮಾತುಕತೆ ಬಂದ್ ಎಂದುಕೊಂಡೆವು. ಮಾರನೆಯ ದಿನ ಗ್ಯಾಲರಿಯ ಆ ತುದಿಯಿಂದ ಕಾಕೂ ತಮ್ಮ ಗಂಡನಿಗೆ ಗದರುವುದು ಕೇಳಿಸಿತು: "ದೂರ್ ವ್ಹಾ! ಮಾಝಂ ಪಣ್ ಸೋವಳಂ!" ದೂರ ಸರಿಯಿರಿ, ನನ್ನದೂ ಮಡಿ!

ಸ್ಟೇಷನ್ನಿನ ಪಕ್ಕದ ಹೋಟೆಲಿನ ಉಡುಪಿ ಭಟ್ಟರನ್ನಂತೂ ಒಪ್ಪಿಸುವುದು ಕಷ್ಟವಾದೀತೆಂದು ನನಗನ್ನಿಸಿತ್ತು. ಸತ್ಯನಾರಾಯಣ ಪೂಜೆಗೆ ಕರೆಯಲು ಬಂದವರು ಇದನ್ನೆಲ್ಲ ಕಂಡು ತಲೆ ಕೆರೆದುಕೊಂಡರು.

"ಎಂಥದು ಅಕ್ಕ, ಮಡಿಯಲ್ಲಿ ಕಾಫಿ ಕುಡಿಲಿಕ್ಕೆ ಉಂಟಾ?"

"ಬಿಸಿ ಇದ್ರೆ ಉಂಟು, ಆರಿಹೋದ್ರೆ ಮೈಲಿಗೆ," ಎಂದಳು ಅತ್ತಿಗೆ, ಕಣ್ಣು ತೆರೆಯದೆ.

ಭಟ್ಟರು ಗಹನವಾಗಿ ಯೋಚಿಸಿದರು. "ನಮ್ಮ ಊರಲ್ಲಿ ಇದನ್ನು ಯಾರೂ ಹೇಳಿದ್ದೇ ಇಲ್ಲ ಮಾರಾಯ್ರೆ! ಮೈಸೂರಿನವರ ಮಡಿ ಭಾರಿ ಲಾಯ್ಕುಂಟು." ಅವರು ತಮಾಷೆ ಮಾಡಿದರೋ ನಿಜಕ್ಕೂ ಹೇಳಿದರೋ, ಭಟ್ಟರ ಮುಖ ನೋಡಿ ಹೇಳುವುದು ಸಾಧ್ಯವಿರಲಿಲ್ಲ.

ಹೀಗೆ ಸುಖವಾಗಿ ನಡೆಯುತ್ತಿದ್ದ ಮಡಿಗೆ ಸಂಚಕಾರ ಬಂದದ್ದು ನಮ್ಮ ದೊಡ್ಡಮ್ಮನಿಂದ. ಕಾಶಿಯಾತ್ರೆ ಮುಗಿಸಿ ಊರಿಗೆ ಹಿಂತಿರುಗುತ್ತಿದ್ದ ಆಕೆ ದಾರಿಯಲ್ಲಿ ನಮ್ಮನ್ನು ನೋಡಲು ಬಂದದ್ದು ಸರಿಯಾಗಿ ಮೂರು ಗಂಟೆಗೆ. ಕಣ್ಣಿಗೆ ಪೊರೆ ಬಂದಿತ್ತು. ಗ್ಯಾಲರಿಯ ಈ ತುದಿಯಿಂದ ಆಕೆಗೆ ಕಂಡದ್ದು ಕೂದಲು ಬಿಚ್ಚಿ, ಕಣ್ಣು ಮುಚ್ಚಿ, ಮಣೆಯ ಮೇಲೆ ಅಲ್ಲಾಡದೆ ಕೂತ ಅತ್ತಿಗೆ. ಮುಖದ ಮೇಲಿನ ಕಡಲೆಹಿಟ್ಟು ತೇಜಸ್ಸಿನ ಹಾಗೆ ಕಂಡಿರಬೇಕು! ಸಾಲದ್ದಕ್ಕೆ ಪುಟ್ಟಿ ಓಡಿಬಂದು, "ಅಮ್ಮನ್ನ ಮುಟ್ಟಬೇಡಿ, ಮಡಿ. ದಿನಾ ಮಡಿ," ಎಂದಳು. ದೊಡ್ಡಮ್ಮನ ಕಣ್ಣಲ್ಲಿ ನೀರು. "ಕಾಶೀಲೂ ಇಂಥ ತಪಸ್ಸು ನೋಡ್ಲಿಲ್ಲಪ್ಪ," ಎಂದು ನನ್ನ ತಲೆ ಸವರಿ ರೈಲು ಹತ್ತಿದಳು. ಸುದ್ದಿ ಮೈಸೂರು ಮುಟ್ಟಿತು.

ನಮ್ಮಮ್ಮನಿಗೆ ಬೊಂಬಾಯಿ ಎಂದರೆ ಮೊದಲಿನಿಂದಲೂ ಅನುಮಾನ. ಅಲ್ಲಿ ಹೋದವರೆಲ್ಲ ಜಾತಿಕೆಡುತ್ತಾರೆ ಎಂದು ನಂಬಿ ಒಮ್ಮೆಯೂ ಬಂದಿರಲಿಲ್ಲ. ಈಗ ಸೊಸೆಯನ್ನು ಕಣ್ಣಾರೆ ನೋಡಬೇಕೆಂದು ಹೊರಟೇಬಿಟ್ಟಳು. ಅಣ್ಣ ನಡುಗಿಹೋದ. "ಒಂದು ತಿಂಗಳು ಇದೆಲ್ಲ ನಿಲ್ಲಿಸಿಬಿಡೆ. ಗೊತ್ತಾದ್ರೆ ನಮ್ಮಮ್ಮನ ಎದೆ ಒಡೆದುಹೋಗತ್ತೆ."

"ಒಂದು ತಿಂಗಳು ಬೇಕಾದ್ರೆ ಊಟ ಬಿಡ್ತೀನಿ," ಎಂದಳು ಅತ್ತಿಗೆ. ನಗುತ್ತಾಳೇನೋ ಎಂದು ನೋಡಿದೆ. ನಗಲಿಲ್ಲ. "ಇಪ್ಪತ್ನಾಲ್ಕು ಗಂಟೇಲಿ ಅದೊಂದು ಅರ್ಧ ಗಂಟೆ ಕಣ್ರೀ ನಾನು ನಾನಾಗಿರೋದು. ಅದಿದೆ ಅಂತ್ಲೇ ಮಿಕ್ಕಿದ್ದೆಲ್ಲ ಮಾಡ್ತೀನಿ."

ಅಮ್ಮ ಬಂದಳು. ಮೊದಲ ದಿನವೇ ಮೂರು ಗಂಟೆಗೆ ಸೊಸೆಯ ಮಣೆಯ ಪಕ್ಕದಲ್ಲಿ ಇನ್ನೊಂದು ಮಣೆ ಹಾಕಿಕೊಂಡು, ಜಪಸರ ಹಿಡಿದು ಕೂತಳು! ಇನ್ನೆಲ್ಲಿಯ ಬೋಗುಣಿ, ಇನ್ನೆಲ್ಲಿಯ ಕಾಫಿ? ಅತ್ತಿಗೆಯೂ ಒಂದು ಸರ ಹುಡುಕಿ ಹಿಡಿದಳು. ಅತ್ತೆ ಸೊಸೆ ಇಬ್ಬರೂ ಬೆನ್ನು ನೆಟ್ಟಗೆ ಮಾಡಿ, ತುಟಿ ಅಲ್ಲಾಡಿಸುತ್ತಾ, ದಿನವೂ ಅರ್ಧ ಗಂಟೆ ಜಪ. ಕಾಕೂ ಸಹ ಹೆದರಿ ತಮ್ಮ ಸೋವಳೆ ನಿಲ್ಲಿಸಿದರು.

ಅತ್ತಿಗೆ ದಿನದಿನಕ್ಕೆ ಬಾಡಿದಳು. ಹುಳಿಗೆ ಎರಡು ಸಲ ಉಪ್ಪು ಬಿತ್ತು. ಎಂದೂ ಕೈ ಎತ್ತದವಳು ಪುಟ್ಟಿಗೆ ಹೊಡೆದು, ಆಮೇಲೆ ಅವಳನ್ನು ತಬ್ಬಿಕೊಂಡು ಅತ್ತಳು. ಮನೆಯಲ್ಲಿ ನಗುವೇ ನಿಂತುಹೋಯಿತು. ಆ ಅರ್ಧ ಗಂಟೆಯಿಂದ ನಮಗೆಲ್ಲ ಎಷ್ಟು ಸಲ್ಲುತ್ತಿತ್ತೆಂದು ಆಗ ಗೊತ್ತಾಯಿತು.

ಒಂದು ಶನಿವಾರ ಅಮ್ಮ ಕಾಕೂ ಜತೆ ಹತ್ತಿರದ ದೇವಸ್ಥಾನಕ್ಕೆ ಭಜನೆಗೆ ಹೋದಳು. ಬಾಗಿಲು ದಾಟಿದ್ದೇ ತಡ, ಅತ್ತಿಗೆ ಒಲೆ ಹಚ್ಚಿ ನೀರಿಟ್ಟಳು! ಬೋಗುಣಿ ಬಂತು, ಉಪ್ಪು ಬಂತು, ಕೆನೆ ಬಂತು, ಕಾಫಿ ಬಂತು. ನಾನೂ ಅಣ್ಣನೂ ಮಕ್ಕಳನ್ನು ಹಿಡಿದುಕೊಂಡು ಬಾಗಿಲ ಬಳಿ ಕಾವಲು ಕೂತೆವು. ಆದರೆ ಭಜನೆಯ ಹಾರ್ಮೋನಿಯಂ ಕೈಕೊಟ್ಟಿತಂತೆ. ಮೆಟ್ಟಿಲ ಮೇಲೆ ಅಮ್ಮನ ಹೆಜ್ಜೆ ಕೇಳಿಸಿದಾಗ ಕಾವಲುಗಾರರಿಬ್ಬರೂ ಎದ್ದು ದಾರಿ ಬಿಟ್ಟೆವು! ಅಮ್ಮ ನೇರವಾಗಿ ಗ್ಯಾಲರಿಯ ಕೊನೆಗೆ ಹೋಗಿ ನಿಂತಳು.

ಅತ್ತಿಗೆ ಏಳಲು ಹೋದಳು. ಕಾಲು ನೀರಿನಲ್ಲಿತ್ತು, ಕೈಯಲ್ಲಿ ಲೋಟ, ಮುಖ ತುಂಬ ಹಿಟ್ಟು. ಹಾಗೇ ಕೂತಳು.

"ಅತ್ತೆ, ಇದು ಮಡಿ ಅಲ್ಲ," ಎಂದಳು. "ಯಾವತ್ತೂ ಆಗಿರ್ಲಿಲ್ಲ. ಮುಟ್ಟಬೇಡಿ ಅಂತ ಹೇಳೋಕೆ ನಂಗೆ ಬೇರೆ ಮಾತು ಗೊತ್ತಿರ್ಲಿಲ್ಲ." ಒಣಗಿದ ಕಡಲೆಹಿಟ್ಟಿನ ಮೇಲೆ ಕಣ್ಣೀರು ಹರಿದು ಎರಡು ಗೆರೆ ಬಿತ್ತು.

"ಹಾಗಾದ್ರೆ ದಿನಾ ಜಪ ಮಾಡ್ತಿರ್ಲಿಲ್ವೇನೆ ನೀನು?"

"ಇಲ್ಲ ಅತ್ತೆ. ನೀವು ಬಂದ್ಮೇಲೇ ಮಾಡಿದ್ದು."

ಅಮ್ಮ ಬಾಯಿಬಿಟ್ಟುಕೊಂಡು ನಿಂತಳು. "ಅಯ್ಯೋ ನಿನ್ನ! ನೀನು ಕೂತಿದೀಯ ಅಂತ ನಾನೂ ಕೂತ್ನಲ್ಲೇ! ಬೆನ್ನು ಬಿದ್ದುಹೋಗಿದೆ ನಂಗೆ!"

ಅಷ್ಟರಲ್ಲಿ ಚಿನ್ನಿ ನನ್ನ ಕೈ ಕೊಸರಿಕೊಂಡು ತಾಯಿಯ ಕಡೆಗೆ ನುಗ್ಗಿದಳು. ಅಮ್ಮ ಬಗ್ಗಿ ಅವಳನ್ನು ತಡೆದು ಎತ್ತಿಕೊಂಡಳು. "ಮುಟ್ಟಬೇಡ್ವೆ ಬಂಗಾರಿ, ಅಮ್ಮ ಮಡಿ." ಮಗುವನ್ನು ತಂದು ನನ್ನ ಮಡಿಲಿಗೆ ಹಾಕಿ, ಹೋಗಿ ಮಣೆ ಎಳೆದುಕೊಂಡು ಸೊಸೆಯ ಪಕ್ಕ ಕೂತಳು. ಸರ ಹಿಡಿಯಲಿಲ್ಲ. ಬೆನ್ನನ್ನು ಗೋಡೆಗೆ ಒರಗಿಸಿದಳು.

"ಊರಲ್ಲಿ ನಾನು ದೇವರ ಮನೇಲಿ ಬಾಗಿಲು ಹಾಕ್ಕೊಂಡು ಕೂತ್ಕೋತಿದ್ನಲ್ಲ, ಏನ್ಮಾಡ್ತಿದ್ದೆ ಅಂದ್ಕೊಂಡಿದೀರ ಎಲ್ಲಾರೂ? ಮನೆ ತುಂಬ ಜನ, ಕೈ ತುಂಬ ಕೂಸುಗಳು. ಒಳಗೆ ಹೋದ್ರೆ ಮಾತ್ರ ಯಾರೂ ಕರೀತಿರ್ಲಿಲ್ಲ. ಹೀಗೇ ಗೋಡೆಗೆ ಒರಗಿ ಕಾಲು ಚಾಚ್ಕೊಂಡಿರ್ತಿದ್ದೆ. ನಿದ್ದೆ ಬಂದ್ರೆ ನಿದ್ದೆ, ಅಳು ಬಂದ್ರೆ ಅಳು. ಆಗಾಗ ಗಂಟೆ ಅಲ್ಲಾಡಿಸ್ತಿದ್ದೆ, ಹೊರಗಡೆಯೋರಿಗೆ ಕೇಳ್ಲಿ ಅಂತ. ದೇವರೂ ಪಾಪ, ಯಾರಿಗೂ ಹೇಳ್ಲಿಲ್ಲ." ಅಮ್ಮ ಸೊಸೆಯ ಕಡೆಗೆ ತಿರುಗಿದಳು. "ನಿನ್ನ ಹಾಗೆ ಬೆಳಕಲ್ಲಿ ಕೂರೋ ಧೈರ್ಯ ನಂಗಿರ್ಲಿಲ್ಲ ಕಣೆ."

ಅತ್ತಿಗೆ ಕಾಫಿಯ ಲೋಟವನ್ನು ಅಮ್ಮನ ಕಡೆಗೆ ಸರಿಸಿದಳು. ಅಮ್ಮ ಬೋಗುಣಿಯೊಳಗೆ ಬೆರಳದ್ದಿ ನೋಡಿ, "ನೀರು ಇನ್ನೂ ಬಿಸಿ ಇದೆ," ಎಂದು ಸೀರೆಯ ನೆರಿಗೆ ಎತ್ತಿಕೊಂಡಳು. ಅತ್ತಿಗೆ ತನ್ನ ಪಾದಗಳನ್ನು ಪಕ್ಕಕ್ಕೆ ಒತ್ತಿಕೊಂಡು ಜಾಗ ಮಾಡಿಕೊಟ್ಟಳು. ಬಿರುಕು ಬಿಟ್ಟ ನಮ್ಮಮ್ಮನ ಹಿಮ್ಮಡಿಗಳನ್ನು ನಾನು ಸರಿಯಾಗಿ ನೋಡಿದ್ದು ಅವತ್ತೇ.

ನಾನೂ ಅಣ್ಣನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಬ್ಬರಿಗೂ ನೆನಪಾದದ್ದು ಒಂದೇ ಇರಬೇಕು. ಚಿಕ್ಕವರಿದ್ದಾಗ ಅಂಗಳದಲ್ಲಿ ಆಡುತ್ತಿದ್ದ ನಾವು, ದೇವರ ಮನೆಯ ಗಂಟೆ ಕೇಳಿಸಿದರೆ ಆಟ ನಿಲ್ಲಿಸಿ, ಮುಚ್ಚಿದ ಆ ಬಾಗಿಲ ಕಡೆಗೆ ತಿರುಗಿ ಕೈ ಮುಗಿಯುತ್ತಿದ್ದೆವು. ಅದರ ಹಿಂದೆ ದಣಿದ ಅಮ್ಮ ಒಬ್ಬಳೇ ಕೂತಿದ್ದಳು ಎಂದು ನಮಗೇನು ಗೊತ್ತಿತ್ತು? ಆದರೂ ಕೈ ಮುಗಿದದ್ದು ಸರಿಯಾದವರಿಗೇ.